ನೀರು ಕಾಯುವವನು

ಕಲಿಹಿ, ಹೊನೊಲುಲು
17 ಆಗಸ್ಟ್ 1987

ಅಪ್ಪನಿಗೆ,

ನಿನ್ನೆ ಭಾನುವಾರ ಮಧ್ಯಾಹ್ನದ ಆಟಕ್ಕೆ ನಿಮ್ಮ ಮೊಮ್ಮಗ ಡಾರಿಲ್ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ರಪೋಜೊ ಅಣ್ಣತಮ್ಮಂದಿರ ಜೀವನದ ಮೇಲೆ ತೆಗೆದ ‘ಕಲಿಹಿಯ ಕಬ್ಬಿಣ’. ಮುಂದಿನ ತಿಂಗಳು ನಿಮ್ಮ ದ್ವೀಪಕ್ಕೂ, ಹಿಲೋಗೆ ಬರುತ್ತದಂತೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹೊಸ ವರ್ಷದ ಕಾಗದಗಳನ್ನು ಬಿಟ್ಟರೆ ಆರು ವರ್ಷಗಳಲ್ಲಿ ಇದೇ ಮೊದಲು. ಕಾರಣ ಇಬ್ಬರಿಗೂ ಗೊತ್ತಿದೆ, ಅದನ್ನು ಮತ್ತೆ ಎತ್ತುವುದಿಲ್ಲ.

ನೀವೂ ಚೋಸೆ ಚಿಕ್ಕಪ್ಪನೂ ಆ ರಪೋಜೊಗಳ ತಗಡಿನ ಶೆಡ್ಡಿನಲ್ಲಿ ಕಸರತ್ತು ಮಾಡುತ್ತಿದ್ದಿರಿ ಎಂದು ಅಮ್ಮ ಒಂದು ಸಲ ಹೇಳಿದ್ದಳು. ನೀವು ಯಾವತ್ತೂ ಹೇಳಿದ್ದಿಲ್ಲ. ಅದಕ್ಕೇ ಹೋದೆ. ಕಾಫಿ ಡಬ್ಬಕ್ಕೆ ಸಿಮೆಂಟು ತುಂಬಿ ಮಾಡಿದ ಭಾರಗಳು, ಕಬ್ಬಿನ ರೈಲಿನ ಅಚ್ಚಿನಿಂದ ಮಾಡಿದ ಬಾರ್ಬೆಲ್, ಎಲ್ಲವನ್ನೂ ತೋರಿಸಿದ್ದಾರೆ. ನಿಜಕ್ಕೂ ಹಾಗೇ ಇತ್ತೇ?

ಜನರಲ್ಲಿ ಒಮ್ಮತವಿಲ್ಲ. ಹೊರಗೆ ಬರುವಾಗ ನಮ್ಮ ಮುಂದೆ ಇಬ್ಬರು ಪೋರ್ಚುಗೀಸ್ ಹೆಂಗಸರು ಹೋಗುತ್ತಿದ್ದರು. ಒಬ್ಬಳು ಹೇಳಿದಳು, “ಆ ತಾಯಿ ಪಾರ್ಟಿನವಳು ಬ್ರೆಡ್ ಹಿಟ್ಟು ನಾದಿದ್ದು ನೋಡಿದ್ಯೇನೆ? ಬಟ್ಟೆ ಒಗೆದ ಹಾಗಿತ್ತು. ರಪೋಜೊ ಅಜ್ಜಿ ಬದುಕಿದ್ದಿದ್ರೆ ಸೌಟಲ್ಲೇ ಬಾರಿಸ್ತಿದ್ಲು.” ಇನ್ನೊಬ್ಬಳ ಮೂಗು ಅತ್ತು ಕೆಂಪಾಗಿತ್ತು. ಬಸ್ ಸ್ಟಾಪಿನಲ್ಲಿ ಒಬ್ಬ ದೊಡ್ಡ ಹವಾಯಿಯನ್ ಮನುಷ್ಯ ಯಾರನ್ನೂ ನೋಡದೆ ಹೇಳಿದ, “ಇಡೀ ಸಿನಿಮಾದಲ್ಲಿ ನಮ್ಮೋರಿಗೆ ಏನ್ ಕೆಲ್ಸ? ಎರಡ್ ಸಲ ಹಾಡೋದು, ನಾಲ್ಕ್ ಸಲ ಬಾರ್ಬೆಲ್ ಎತ್ಕೊಡೋದು. ಅಷ್ಟೇ.” ಪೇಪರಿನವರು, ಮೊದಲರ್ಧ ಮನುಷ್ಯರ ಕಥೆ, ಎರಡನೆಯದು ಮೈಗೆ ಹಚ್ಚುವ ಎಣ್ಣೆಯ ಜಾಹೀರಾತು ಎಂದು ಬರೆದಿದ್ದಾರೆ. ಡಾರಿಲ್‌ನ ಜಿಮ್ಮಿನ ಹುಡುಗರು ಮಾತ್ರ ಎರಡು ಸಾಲು ಹಿಡಿದು ಕೂತಿದ್ದರು. ನೀರಿನ ದೃಶ್ಯ ಬಂದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆ ದೃಶ್ಯ ಹೀಗಿದೆ. ದೇಹದಾರ್ಢ್ಯ ಸ್ಪರ್ಧೆಗೆ ಮುಂಚೆ ಒಬ್ಬ ಎರಡು ದಿನ ನೀರು ಬಿಟ್ಟಿರುತ್ತಾನೆ, ಚರ್ಮ ತೆಳುವಾಗಿ ಸ್ನಾಯು ಎದ್ದು ಕಾಣಲಿ ಎಂದು. ಅವನ ನೀರಿನ ಜಗ್ ಜೊತೆಗಾರನ ವಶದಲ್ಲಿರುತ್ತದೆ. ಇವನು ಅಂಗಲಾಚುತ್ತಾನೆ. ಜೊತೆಗಾರ ಜಗ್ಗನ್ನು ಎತ್ತಿ, ಇವನ ಕಣ್ಣೆದುರೇ ನೀರನ್ನು ನೆಲಕ್ಕೆ ಸುರಿದುಬಿಡುತ್ತಾನೆ. ಮಾರನೆಯ ದಿನ ಇವನು ಗೆಲ್ಲುತ್ತಾನೆ, ಇಬ್ಬರೂ ಅಪ್ಪಿಕೊಂಡು ನಗುತ್ತಾರೆ.

ಡಾರಿಲ್ ಈಗಾಗಲೇ ಮೂರು ಸಲ ನೋಡಿದ್ದಾನೆ. ನಿಮ್ಮ ಊರಿಗೆ ಬಂದಾಗ ನೀವೂ ನೋಡಿ. ಮಾತಾಡಲು ಒಂದು ವಿಷಯವಾದರೂ ಸಿಗುತ್ತದೆ.

ಲೊರೇನ್


ಹಿಲೋ
6 ಸೆಪ್ಟೆಂಬರ್ 1987

ಲೊರೇನ್,

ನಿನ್ನ ಕಾಗದ ಬಂತು. ಸಿನಿಮಾ ಶುಕ್ರವಾರ ಇಲ್ಲಿಗೂ ಬಂತು. ನಿನ್ನೆ ತ್ಸುನೆ ಅರಕಾಕಿ ಜೊತೆ ಹೋಗಿದ್ದೆ. ನಿನಗೆ ನೆನಪಿರಬಹುದು, ಸಕ್ಕರೆ ಮಿಲ್ಲಿನಲ್ಲಿ ನನ್ನ ಪಕ್ಕದ ಲೇತಿನಲ್ಲಿದ್ದವನು.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಕಾಫಿ ಡಬ್ಬಗಳೇ. ಬಾರ್ಬೆಲ್ ನಿಜದಲ್ಲಿ ಸ್ವಲ್ಪ ಬಗ್ಗಿತ್ತು, ಬಲಗಡೆಗೆ ಎಳೆಯುತ್ತಿತ್ತು. ಶೆಡ್ಡಿನ ಬಾಗಿಲು ಎಡಕ್ಕಿತ್ತು, ಸಿನಿಮಾದಲ್ಲಿ ಬಲಕ್ಕಿದೆ. ಟೋನಿ ರಪೋಜೊ ಇನ್ನೂ ಕುಳ್ಳ. ತಮ್ಮ ಆಲ್ಫ್ರೆಡ್‌ನ ನಗು ಮಾತ್ರ ಸರಿಯಾಗಿ ಹಿಡಿದಿದ್ದಾರೆ. ಅವನೇ ಕೂತು ಸಿನಿಮಾದವರಿಗೆ ಕಥೆ ಹೇಳಿದ್ದಾನೆಂದು ಕೊನೆಯಲ್ಲಿ ಬರುತ್ತದಂತೆ.

ಇಲ್ಲಿನ ಜನ ಬಂದದ್ದು ಹೆಚ್ಚಾಗಿ ನಗಲು. ಶ್ರೀಮತಿ ತೆಂಗನ್ ಚಡ್ಡಿ ಹಾಕಿದ ಗಂಡಸರು ಬಂದಾಗಲೆಲ್ಲ ಬೀಸಣಿಗೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಬೀಸಣಿಗೆಯಲ್ಲಿ ತೂತಿತ್ತು. ಮಿಲ್ಲಿನ ಹಳಬರು ಒಬ್ಬೊಬ್ಬ ನಟನ ತೋಳನ್ನೂ ನೋಡಿ, ಇದು ಕಬ್ಬು ಹೊತ್ತ ತೋಳಲ್ಲ ಎಂದು ತೀರ್ಪು ಕೊಟ್ಟರು.

ನೀರಿನ ದೃಶ್ಯ ಬಂದಾಗ ಎಲ್ಲರೂ ನಕ್ಕರು. ತ್ಸುನೆ ನನ್ನ ಒಳ್ಳೆಯ ಕಿವಿಗೆ ಬಾಯಿಟ್ಟು ಕೂಗಿದ, “ಎಂಥ ಕಟುಕನೋ ಇವ್ನು! ಜೊತೆಗಾರ ಅಂದ್ರೆ ಹೀಗಿರ್ಬೇಕು ನೋಡು ವಾಲೇಸ್!” ನಾನು ಎದ್ದು ಹೊರಗೆ ಬಂದೆ. ಉಳಿದ ಹೊತ್ತು ಟಿಕೆಟ್ ಹರಿಯುವವನ ಪಕ್ಕದಲ್ಲಿ ನಿಂತಿದ್ದೆ. ಒಳಗೆ ಚಪ್ಪಾಳೆ ಹೊಡೆದಾಗ ಶಬ್ದ ಕೇಳಿಸಲಿಲ್ಲ, ಹಲಗೆಯ ನೆಲ ಪಾದಕ್ಕೆ ತಿಳಿಸಿತು. ಆ ಮನುಷ್ಯ ಗೆದ್ದನೆಂದು ಹಾಗೆ ಗೊತ್ತಾಯಿತು.

ಒಂದು ವಿಷಯಕ್ಕೆ ಮಾತ್ರ ಬೇಗ ಉತ್ತರ ಬರಿ. ಡಾರಿಲ್ ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ?

ಅಪ್ಪ


ಕಲಿಹಿ
13 ಸೆಪ್ಟೆಂಬರ್ 1987

ಅಪ್ಪನಿಗೆ,

ಆರು ವರ್ಷಗಳಾದ ಮೇಲೆ ಮೊಮ್ಮಗನ ಬಗ್ಗೆ ನೀವು ಕೇಳಿದ ಮೊದಲ ಪ್ರಶ್ನೆ ಇದು. ಬೇರೆಯವರಾದರೆ ಹುಡುಗ ಹೇಗಿದ್ದಾನೆ, ಕೆಲಸ ಸಿಕ್ಕಿತೇ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾನೆ. ಹಡಗುಕಟ್ಟೆಯ ಗೋದಾಮಿನಲ್ಲಿ ಕೆಲಸ. ನೀರು ಎತ್ತಿನ ಹಾಗೆ ಕುಡಿಯುತ್ತಾನೆ. ಸಮಾಧಾನವಾಯಿತೇ?

ಇನ್ನೊಂದು ಸುದ್ದಿ. ಅಕ್ಟೋಬರ್ 24, ಶನಿವಾರ ಸಂಜೆ ಅವನ ಮೊದಲ ದೊಡ್ಡ ಸ್ಪರ್ಧೆ. ಆಲ್ಫ್ರೆಡ್ ರಪೋಜೊ ಅವರೇ ಮುಖ್ಯ ಅತಿಥಿ. ಎಪ್ಪತ್ತೆಂಟು ವರ್ಷ, ಕೋಲು ಹಿಡಿದು ನಡೆಯುತ್ತಾರೆ, ಸಿನಿಮಾ ಬಂದ ಮೇಲೆ ಹುಡುಗರೆಲ್ಲ ಅವರ ಕೈ ಮುಟ್ಟಲು ಸಾಲು ನಿಲ್ಲುತ್ತಾರೆ. ಅವರ ಹಳೆಯ ಪದ್ಧತಿಯನ್ನು ಜಿಮ್ಮಿನವರು ಮತ್ತೆ ಶುರುಮಾಡಿದ್ದಾರೆ. ಸ್ಪರ್ಧೆಯ ವಾರದ ಗುರುವಾರ ಎಲ್ಲರೂ ಸೇರುತ್ತಾರೆ. ಪ್ರತಿ ಸ್ಪರ್ಧಿಗೂ ನೀರು ಕಾಯುವವನು ಒಬ್ಬ. ಬೈದರೂ ಅತ್ತರೂ ಕೊಡುವುದಿಲ್ಲ ಎಂದು ಅವನು ಎಲ್ಲರೆದುರು ಆಣೆ ಇಡಬೇಕು. ಆಮೇಲೆ ಜಗ್ ಅವನ ಕೈಗೆ. ಸಿನಿಮಾದಲ್ಲಿ ಟೋನಿ ಹೇಳುವ ಮಾತನ್ನು ಈಗ ಜಿಮ್ಮಿನ ಗೋಡೆಗೆ ಬರೆಸಿದ್ದಾರೆ: ‘ಕೇಳುವವನು ಅವನಲ್ಲ, ಅವನ ಬಾಯಾರಿಕೆ.’

ನನಗೆ ಇದೆಲ್ಲ ಹುಡುಗಾಟ ಅನ್ನಿಸುತ್ತದೆ. ಆದರೆ ಡಾರಿಲ್ ನಿಮಗೆ ಏನೋ ಬರೆಯಬೇಕಂತೆ. ನಿಮಗೆ ಕಾಗದ ಬರೆಯಲು ಅವನೇ ಮುಂದಾಗಿದ್ದಾನೆ, ದಯವಿಟ್ಟು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಲೊರೇನ್

ಅಜ್ಜ, ನಾನು ಡಾರಿಲ್. ನೀವು ನನ್ನ ಡಂಬೆಲ್ ವೈಲುಕು ಹೊಳೆಗೆ ಎಸೆದು ಕೆನ್ನೆಗೆ ಹೊಡೆದದ್ದನ್ನು ನಾನು ಮರೆತಿದ್ದೇನೆ. ಮರೆತಿಲ್ಲ, ಆದರೆ ಈಗ ಸಿಟ್ಟಿಲ್ಲ. ನೀವು ರಪೋಜೊ ಶೆಡ್ಡಿನವರು ಎಂದು ಅಮ್ಮ ಹೇಳಿದ ದಿನದಿಂದ ಜಿಮ್ಮಿನಲ್ಲಿ ನನ್ನ ಬೆಲೆ ಏರಿದೆ. ನನ್ನ ನೀರನ್ನು ನೀವು ಕಾಯಬೇಕು. ಬೇರೆ ಯಾರಿಗೂ ಅಂಥ ಜೊತೆಗಾರ ಸಿಗುವುದಿಲ್ಲ. ಬನ್ನಿ ಅಜ್ಜ. ವಿಮಾನದ ಖರ್ಚು ನನ್ನದು.


ಹಿಲೋ
20 ಸೆಪ್ಟೆಂಬರ್ 1987

ಡಾರಿಲ್,

ನಿನ್ನ ಕಾಗದಕ್ಕೆ ಕೃತಜ್ಞ. ನಾನು ಬರಲಾರೆ. ಸೊಂಟ ನೋವಿದೆ, ವಿಮಾನದಲ್ಲಿ ಕೂರಲಾಗುವುದಿಲ್ಲ.

ಬೇರೆ ಯಾರ ಕೈಗೂ ಜಗ್ ಕೊಡಬೇಡ. ನೀರು ಬಿಡಬೇಡ. ಆ ಸಿನಿಮಾದಲ್ಲಿ ತೋರಿಸಿದ್ದು ನಡೆದ ಹಾಗೆ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುತ್ತಿಲ್ಲ.

ಕೆನ್ನೆಗೆ ಹೊಡೆದದ್ದು ತಪ್ಪು. ಡಂಬೆಲ್ ಎಸೆದದ್ದು ತಪ್ಪಲ್ಲ.

ಅಜ್ಜ


ಕಲಿಹಿ
5 ಅಕ್ಟೋಬರ್ 1987

ಅಪ್ಪನಿಗೆ,

ನಿಮ್ಮ ಕಾಗದವನ್ನು ಅವನು ಎರಡು ಸಲ ಓದಿ ಫ್ರಿಜ್ಜಿನ ಮೇಲಿಟ್ಟ. “ಸೊಂಟ ನೋವಂತೆ” ಅಂದ. ಅಷ್ಟೇ. ನಿಮಗೆ ಸೊಂಟ ನೋವಿಲ್ಲ ಎಂದು ನನಗೆ ಗೊತ್ತು. ಜುಲೈಯಲ್ಲಿ ಹಿರಿಯರ ನೆನಪಿನ ಬೋನ್ ಹಬ್ಬದ ಕುಣಿತದಲ್ಲಿ ನೀವು ಮೂರು ಸುತ್ತು ಹಾಕಿದಿರೆಂದು ತೆಂಗನ್ ಅತ್ತೆ ಬರೆದಿದ್ದಳು. ಸಿಟ್ಟಿನಲ್ಲಿ ಎರಡು ವಾರ ಬರೆಯಲಿಲ್ಲ. ಈಗ ಸಿಟ್ಟಿಗೆ ಜಾಗವಿಲ್ಲ. ಹೆದರಿಕೆಯಾಗಿ ಬರೆಯುತ್ತಿದ್ದೇನೆ.

ಮೆಲ್ವಿನ್ ಪಾಚೆಕೊ ಎಂಬುವನು ನೀರು ಕಾಯುವವನಾಗಿದ್ದಾನೆ. ಜಿಮ್ಮಿನಲ್ಲಿ ತರಬೇತಿ ಕೊಡುವವನು, ನಲವತ್ತು ವರ್ಷ, ಮಾತು ಸಕ್ಕರೆ. ಮೊನ್ನೆ ಶನಿವಾರ ‘ಪೂರ್ವಾಭ್ಯಾಸ’ ಮಾಡಿದರು, ಒಂದು ಹಗಲು ಒಂದು ರಾತ್ರಿ ನೀರಿಲ್ಲದೆ. ನಮ್ಮ ಮನೆಯಲ್ಲೇ, ನನ್ನ ಅಡುಗೆಮನೆಯ ಮೇಜಿನ ಪಕ್ಕ. ಮೆಲ್ವಿನ್ ಜಗ್ಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಡಾರಿಲ್ ಕಸದ ಪ್ಲಾಸ್ಟಿಕ್ ಚೀಲವನ್ನು ಅಂಗಿಯ ಒಳಗೆ ತೊಟ್ಟು ಬಿಸಿಲಿನಲ್ಲಿ ಹತ್ತು ಹನ್ನೆರಡು ಸುತ್ತು ಓಡಿ ಬಂದ.

ಭಾನುವಾರ ಬೆಳಗ್ಗೆ ಅವನ ಕಾಲಿನ ಮೀನಖಂಡ ಗಂಟುಕಟ್ಟಿ ಕುರ್ಚಿಯಿಂದ ಬಿದ್ದ. ತುಟಿ ಬಿರಿದು ಬಿಳಿಯಾಗಿತ್ತು. ನಾನು ಲೋಟ ತಂದೆ. “ಅಕ್ಕಾ, ಒಳಗಿಡಿ ಅದನ್ನ,” ಅಂದ ಮೆಲ್ವಿನ್. “ಈಗ ಕೊಟ್ರೆ ಅವನ ಎರಡ್ ತಿಂಗಳ ಶ್ರಮ ಹಾಳು.”

“ನನ್ನ ಮಗ ಅವನು.”

“ಗೊತ್ತಲ್ಲ. ಅದಕ್ಕೇ ನೀರು ಅಮ್ಮಂದಿರ ಕೈಲಿ ಕೊಡಲ್ಲ.”

ಡಾರಿಲ್ ನಕ್ಕ, ಅಪ್ಪ. ತುಟಿಯಿಂದ ರಕ್ತ ಬಂದರೂ ನಕ್ಕ. “ಅಮ್ಮ, ಸಿನಿಮಾ ನೋಡಿಲ್ವಾ? ಇಲ್ಲೇ ಎಲ್ರೂ ಸೋಲೋದು.”

ಒಂಬತ್ತು ಗಂಟೆಯವರೆಗೆ ಅವನು ಐದೈದು ನಿಮಿಷಕ್ಕೆ ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ನಿಲ್ಲಿಸಿದ. ಗೋಡೆ ನೋಡುತ್ತ ಕೂತ. ಮೆಲ್ವಿನ್ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ, “ನೋಡಿದ್ರಾ, ಕೇಳೋದು ಬಿಟ್ಟ. ಒಳ್ಳೆ ಸೂಚನೆ,” ಅಂದ.

ಹತ್ತಕ್ಕೆ ನೀರು ಕೊಟ್ಟರು. ಈಗ ಚೆನ್ನಾಗಿದ್ದಾನೆ, ಅನ್ನ ತಿನ್ನುತ್ತಿದ್ದಾನೆ. ಆದರೆ ಸ್ಪರ್ಧೆಗೆ ಇದು ಒಂದು ದಿನವಲ್ಲ, ಎರಡು ದಿನ. ನಾನು ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸುತ್ತೇನೆ, ಯಾವ ಮಗುವಿನ ಕಣ್ಣೂ ಹಾಗೆ ಇರುವುದನ್ನು ನಾನು ನೋಡಿಲ್ಲ. ಇಪ್ಪತ್ತು ವರ್ಷದವನನ್ನು ಕಟ್ಟಿಹಾಕಲು ನನಗೆ ಬರುವುದಿಲ್ಲ.

ನಡೆದ ಹಾಗೆ ಇಲ್ಲ ಎಂದು ಬರೆದಿರಿ. ನಡೆದದ್ದು ಹೇಗೆ? ನೀವು ಏನನ್ನೋ ಬಲ್ಲಿರಿ. ಈ ಸಲ ಹೇಳಲೇಬೇಕು.

ಲೊರೇನ್


ಹಿಲೋ
8 ಅಕ್ಟೋಬರ್ 1987

ಲೊರೇನ್,

ನಿನ್ನ ಕಾಗದ ಬೆಳಗ್ಗೆ ಬಂತು. ‘ಕೇಳೋದು ಬಿಟ್ಟ, ಒಳ್ಳೆ ಸೂಚನೆ’ ಎನ್ನುವಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟು ಅಂಗಳಕ್ಕೆ ಹೋದೆ. ಮತ್ತೆ ಬಂದು ಓದಿದೆ. ಅದೇ ಮಾತನ್ನು ನಾನು ಮೂವತ್ತೇಳು ವರ್ಷಗಳ ಹಿಂದೆ ಹೇಳಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ಕೈ ತಪ್ಪಿಸಿಕೊಳ್ಳಲು ನೋಡುತ್ತದೆ.

1950ರ ಜೂನ್. ನಾನು, ನಿನ್ನ ಅಮ್ಮ, ನೀನು, ಚೋಸೆ, ನಾಲ್ವರೂ ಕಲಿಹಿಯಲ್ಲಿ ಒಂದೂವರೆ ಕೋಣೆಯಲ್ಲಿದ್ದೆವು. ನಿನಗೆ ನಾಲ್ಕು ವರ್ಷ. ಅವನಿಗೆ ಇಪ್ಪತ್ತೆರಡು. ಅವನು ನಿನ್ನನ್ನು ಒಂದು ಅಂಗೈ ಮೇಲೆ ನಿಲ್ಲಿಸಿ ಮನೆ ಸುತ್ತುತ್ತಿದ್ದ. ಶನಿವಾರ ಸಂಜೆ ಅವನ ಸ್ಪರ್ಧೆ. ಗುರುವಾರ ಬೆಳಗ್ಗೆ ನೀರು ನಿಲ್ಲಿಸಿದೆವು. ನೀರು ಕಾಯುವವನು ನಾನು. ಶೆಡ್ಡಿನಲ್ಲಿ ಎಲ್ಲರೆದುರು ಆಣೆ ಇಟ್ಟಿದ್ದೆ. ನಾನು ನಿಯಮ ಪಾಲಿಸುವ ಮನುಷ್ಯ ಎಂದು ನನಗೆ ಹೆಮ್ಮೆ ಇತ್ತು.

ಪಕ್ಕದ ಮನೆಯವರ ಬಿಸಿನೀರಿನ ತೊಟ್ಟಿಯಲ್ಲಿ ಅವನನ್ನು ದಿನಕ್ಕೆ ಎರಡು ಸಲ ಕೂರಿಸಿದೆ. ಹೊರಗೆ ಬಂದ ಕೂಡಲೇ ಅಕ್ಕಿಯ ಗೋಣಿ ಸುತ್ತಿದೆ. ಗುರುವಾರ ತಮಾಷೆ ಮಾಡುತ್ತಿದ್ದ. ಶುಕ್ರವಾರ ಬೆಳಗ್ಗೆ ಬೈದ, ನಮ್ಮ ಅಪ್ಪನ ಹೆಸರೆತ್ತಿ ಬೈದ. ಮಧ್ಯಾಹ್ನ ಬೇಡಿಕೊಂಡ. “ಅಣ್ಣ, ಒಂದು ಚಮಚ ಸಾಕು ಕಣೋ. ನಾಲಿಗೆ ಒದ್ದೆ ಮಾಡ್ಕೊಂಡು ಉಗಿದುಬಿಡ್ತೀನಿ. ಬೇಕಾದ್ರೆ ನೋಡ್ಕೋ.” ನಿನ್ನ ಅಮ್ಮ ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ಬಂದು, “ಕೊಟ್ಬಿಡಿ. ಅವನ ಕಣ್ಣು ನೋಡಿ,” ಅಂದಳು. ನಾನು ಹೇಳಿದೆ, “ಇದು ನಿಂಗೆ ಗೊತ್ತಾಗಲ್ಲ ತ್ಸುರು, ಸುಮ್ನಿರು.”

ಚೋಸೆ ಹೇಗಿದ್ದಾನೆಂದು ನೋಡಲು ಬಂದ ಆಲ್ಫ್ರೆಡ್ ರಪೋಜೊ ಬಾಗಿಲಲ್ಲಿ ನಿಂತಿದ್ದ. ಅವನೆದುರು ನಾನು ಜಗ್ ಎತ್ತಿ ನೀರನ್ನು ನೆಲಕ್ಕೆ ಸುರಿದೆ. “ಭಲೇ ವಾಲೇಸ್!” ಎಂದು ಅವನು ನಕ್ಕ. ಸಿನಿಮಾದವರಿಗೆ ಅದನ್ನು ಹೇಳಿರುವುದು ಅವನೇ, ಅಲ್ಲಿ ಹೊರಗಿನವರು ಬೇರೆ ಯಾರೂ ಇರಲಿಲ್ಲ. ಮುಂದಿನದನ್ನು ಹೇಳಿಲ್ಲ. ನೀರು ಹಲಗೆಗಳ ಸಂದಿಯಲ್ಲಿ ಇಳಿದುಹೋಯಿತು. ಚೋಸೆ ಕೆಳಗೆ ಮಲಗಿ ಕೆನ್ನೆಯನ್ನು ಆ ಹಲಗೆಗೆ ಒತ್ತಿಟ್ಟ. ಬಹಳ ಹೊತ್ತು ಹಾಗೇ ಇದ್ದ.

ಶನಿವಾರ ಬೆಳಗ್ಗೆ ಅವನು ಕೇಳುವುದನ್ನು ನಿಲ್ಲಿಸಿದ. ಬೆವರುವುದೂ ನಿಂತಿತು. ನಾನು ಆಲ್ಫ್ರೆಡ್‌ಗೆ ಓಡಿಹೋಗಿ ಹೇಳಿದೆ, “ಗೆದ್ದ. ಈಗ ಕೇಳ್ತಾನೇ ಇಲ್ಲ.” ಹಾಗೆ ಹೇಳುವಾಗ ನಾನು ಖುಷಿಯಾಗಿದ್ದೆ ಎಂಬುದನ್ನು ನೀನು ತಿಳಿದಿರಬೇಕು. ಹತ್ತು ಗಂಟೆಗೆ ಅವನು ನನ್ನನ್ನು “ಅಮ್ಮ” ಎಂದು ಕರೆದು, ಅನ್ನ ಆಯಿತೇ ಎಂದು ಕೇಳಿದ. ನಾನು ನಕ್ಕೆ. ಮಧ್ಯಾಹ್ನಕ್ಕೆ ಮುಂಚೆ ಅವನು ತೀರಿಕೊಂಡ. ಮೈ ಒಲೆಯ ಹಾಗೆ ಸುಡುತ್ತಿತ್ತು. ಆಗ ನಾನು ಬಾಯಿಗೆ ನೀರು ಹಾಕಿದೆ. ಒಳಗೆ ಹೋಗಲಿಲ್ಲ.

ಅಂತ್ಯಕ್ರಿಯೆಯ ದಿನ ಆಲ್ಫ್ರೆಡ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, “ಹೃದಯ ಮೊದ್ಲಿಂದ್ಲೂ ಸರಿ ಇರ್ಲಿಲ್ಲ ಅಂತ ಹೇಳು. ಇಲ್ಲಾಂದ್ರೆ ಶೆಡ್ ಮುಚ್ಚಿಸ್ತಾರೆ, ಇಪ್ಪತ್ತು ಹುಡುಗ್ರು ಬೀದಿಗೆ ಬೀಳ್ತಾರೆ. ಸತ್ತವನು ವಾಪಸ್ ಬರಲ್ಲ.” ಹಾಗೇ ಹೇಳಿದೆ. ನನ್ನ ತಾಯಿಗೆ ಹೇಳಿದೆ. ನಿನಗೂ ಹೇಳಿದೆ. ಅವನಿಗೆ ಹೃದಯದ ತೊಂದರೆ ಇರಲಿಲ್ಲ.

ನೀನು ಏಳೆಂಟು ವರ್ಷದವಳಿದ್ದಾಗ ಹಿರಿಯರ ಪೀಠದ ಮುಂದೆ ನಿಂತು, ಎಲ್ಲರಿಗೂ ಪುಟ್ಟ ಬಟ್ಟಲಿನಲ್ಲಿ ನೀರಿಟ್ಟು ಚಿಕ್ಕಪ್ಪನಿಗೆ ಮಾತ್ರ ಯಾಕೆ ದೊಡ್ಡ ಲೋಟ ಎಂದು ಕೇಳಿದ್ದೆ. ನಿನ್ನ ಅಮ್ಮ ನಿನ್ನನ್ನು ಆಡಲು ಹೊರಗೆ ಕಳಿಸಿದಳು. ಅವಳು ಸಾಯುವವರೆಗೂ ಆ ಶುಕ್ರವಾರದ ಬಗ್ಗೆ ಒಂದು ಮಾತು ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು, ಅವಳಿಗೆ ಅದು ಗೊತ್ತಿತ್ತು.

ಡಾರಿಲ್‌ಗೆ ಇದನ್ನು ಓದಿ ಹೇಳು. ಪೂರ್ತಿ ಓದು, ಏನನ್ನೂ ಬಿಡಬೇಡ.

ಅಪ್ಪ


ಕಲಿಹಿ
14 ಅಕ್ಟೋಬರ್ 1987

ಅಪ್ಪ,

ಎರಡು ದಿನ ನಿಮ್ಮ ಕಾಗದವನ್ನು ಏಪ್ರನ್ನಿನ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ನಿಮ್ಮ ಬಗ್ಗೆ ನನಗೆ ಏನು ಅನ್ನಿಸುತ್ತದೆ ಎಂದು ಈಗ ಬರೆಯಲಾರೆ. ಅಂಗೈ ಮೇಲೆ ನಿಂತದ್ದು ನನಗೆ ನೆನಪಿದೆ. ಅದು ಕನಸೆಂದು ಇಷ್ಟು ವರ್ಷ ತಿಳಿದಿದ್ದೆ.

ಸೋಮವಾರ ಊಟದ ನಂತರ ಡಾರಿಲ್‌ಗೆ ಪೂರ್ತಿ ಓದಿದೆ. ಹಲಗೆಗೆ ಕೆನ್ನೆ ಇಟ್ಟದ್ದನ್ನು ಓದುವಾಗ ಅವನು ತಲೆ ತಗ್ಗಿಸಿದ. ಅವನ ಕಿವಿ ಕೆಂಪಾಗಿತ್ತು. ಗೆದ್ದೆ ಅಂದುಕೊಂಡೆ. ಓದಿ ಮುಗಿಸಿದ ಮೇಲೆ ಅವನು ಎದ್ದು ಊಟದ ತಟ್ಟೆ ತೊಳೆದಿಟ್ಟ. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಪಾಪ ಅಜ್ಜ. ಇಷ್ಟು ವರ್ಷ ಒಬ್ರೇ ಹೊತ್ಕೊಂಡಿದಾರೆ.”

“ಅಂದ್ರೆ ನೀನು ಬಿಡ್ತೀಯಲ್ವಾ?” ಅಂದೆ.

“ಅಮ್ಮ, ಅದು 1950. ಆಗ ಅವ್ರಿಗೆ ಏನೂ ಗೊತ್ತಿರ್ಲಿಲ್ಲ. ಮೆಲ್ವಿನ್‌ಗೆ ಎಲ್ಲಾ ಲೆಕ್ಕ ಗೊತ್ತು. ಮಾತ್ರೆನೂ ಇದೆ.”

ಮಾತ್ರೆಯ ವಿಷಯ ನನಗೆ ಗೊತ್ತಾದದ್ದು ಹಾಗೆ. ಮೈಯ ನೀರು ಇಳಿಸುವ ಮಾತ್ರೆಯಂತೆ, ಸಣ್ಣದು, ಬಿಳಿ. ಮೆಲ್ವಿನ್ ಎಲ್ಲಿಂದ ತಂದನೋ. ಕ್ಲಿನಿಕ್ಕಿನ ನರ್ಸಿಗೆ ತೋರಿಸಿದೆ. ಅವಳು ನನ್ನ ಕೈ ಹಿಡಿದುಕೊಂಡು, ನೀರು ಬಿಟ್ಟು ಇದನ್ನು ತಗೊಂಡರೆ ಎದೆಬಡಿತವೇ ನಿಲ್ಲಬಹುದು ಎಂದಳು. ಡಾರಿಲ್‌ಗೆ ಹೇಳಿದೆ. “ನರ್ಸ್ ಯಾವತ್ತಾದ್ರೂ ಸ್ಟೇಜ್ ಹತ್ತಿದಾಳಾ?” ಅಂದ.

ಇನ್ನೂ ಇದೆ. ಇದನ್ನು ಬರೆಯಲು ನನಗೆ ಹೆದರಿಕೆ. ನಿನ್ನೆ ಬೆಳಗ್ಗೆ ಬೂಟು ಕಟ್ಟಿಕೊಳ್ಳುತ್ತ ಅವನು ಅಂದ, “ಸ್ವಂತ ತಮ್ಮ ಬೇಡಿದ್ರೂ ಅಜ್ಜ ಕೊಡ್ಲಿಲ್ಲ. ಅವ್ರಿಗಿಂತ ಗಟ್ಟಿ ಕಾವಲು ಇಡೀ ದ್ವೀಪದಲ್ಲಿ ಯಾರಿದಾರೆ? ಈಗ್ಲೂ ಅವ್ರು ಬರ್ತೀನಿ ಅಂದ್ರೆ ಮೆಲ್ವಿನ್‌ಗೆ ಬೇಡ ಅಂತೀನಿ. ಬರೆದು ಕೇಳು.”

ಅವನು ತಮಾಷೆ ಮಾಡುತ್ತಿರಲಿಲ್ಲ. ನಿಮ್ಮ ಕಾಗದದಿಂದ ಅವನು ಕಲಿತದ್ದು ಇದು.

ಕೇಳು ಎಂದಿದ್ದಾನೆ, ಕೇಳಿದ್ದೇನೆ. ಹತ್ತು ದಿನ ಉಳಿದಿದೆ.

ಲೊರೇನ್


ಹಿಲೋ
17 ಅಕ್ಟೋಬರ್ 1987

ಲೊರೇನ್,

ಈ ಕಾಗದವನ್ನು ಡಾರಿಲ್‌ಗೆ ತೋರಿಸಬೇಡ. ಓದಿ ಒಲೆಗೆ ಹಾಕು. ಅವನಿಗೆ ಇಷ್ಟೇ ಹೇಳು: ಅಜ್ಜ ಒಪ್ಪಿದ್ದಾರೆ, ಮೆಲ್ವಿನ್‌ಗೆ ಬೇಡವೆನ್ನು.

ಎರಡು ದಿನ ಬೇರೆ ದಾರಿಗಳನ್ನು ಯೋಚಿಸಿದೆ. ಪೇಪರಿಗೆ ಬರೆಯಬಹುದಿತ್ತು. ಸಿನಿಮಾ ನೋಡಿದ ಅರ್ಧ ಜನ ನಂಬುತ್ತಾರೆ, ಇನ್ನರ್ಧ ಜನ ಹೆಸರಿಗಾಗಿ ಮುದುಕ ಬಾಯಿಬಿಟ್ಟ ಎನ್ನುತ್ತಾರೆ. ಅಷ್ಟರಲ್ಲಿ ಶನಿವಾರ ಬಂದುಹೋಗುತ್ತದೆ. ಆಲ್ಫ್ರೆಡ್‌ಗೆ ತಂತಿ ಕಳಿಸಿದೆ, ತಂತಿಯಲ್ಲೇ ಉತ್ತರ ಬಂತು: ‘ಹಳೆಯದನ್ನು ಕೆದಕಬೇಡ, ಬಂದರೆ ಸಂತೋಷ.’ ತ್ಸುನೆಗೆ ಹೇಳಿದೆ. ಅವನು ಟೋಪಿ ತಿರುಗಿಸುತ್ತ, “ನಾನು ಆವತ್ತು ನಿನ್ನ ಪಕ್ಕ ಕೂತ್ಕೊಂಡೇ ನಕ್ಕೆನಲ್ಲೋ,” ಅಂದ.

ಮಾತಿನಿಂದ ಅವನನ್ನು ತಡೆಯಲಾಗುವುದಿಲ್ಲ. ನಾನು ಅವನ ವಯಸ್ಸಿನಲ್ಲಿ ತಡೆಯಲಾಗದವನಾಗಿದ್ದೆ. ಅವನು ಒಬ್ಬರ ಕೈಗೆ ತನ್ನ ನೀರನ್ನೂ ಮಾತ್ರೆಯನ್ನೂ ಕೊಡುತ್ತಾನೆ. ಆ ಕೈ ನನ್ನದಾಗಿರಲಿ.

ಗುರುವಾರ ಜಿಮ್ಮಿನಲ್ಲಿ ಎಲ್ಲರೆದುರು, ಆಲ್ಫ್ರೆಡ್‌ನ ಎದುರೂ, ಆಣೆ ಇಡುತ್ತೇನೆ. ಸುಳ್ಳು ಆಣೆ. ನಾನು ಜೀವನದಲ್ಲಿ ಒಂದು ಆಣೆಯನ್ನೂ ಮುರಿದವನಲ್ಲ, ನಿಜವಾದ ತಪ್ಪು ಅದೇ ಇರಬಹುದು. ಮಾತ್ರೆಗಳನ್ನು ನಿನ್ನ ಮನೆಯ ಮೋರಿಗೆ ಹಾಕುತ್ತೇನೆ. ಶುಕ್ರವಾರ ಅವನು ಮೊದಲ ಸಲ ಕೇಳಿದಾಗ ಕೊಡುತ್ತೇನೆ. ಬೇಡವೆಂದು ತಳ್ಳಿದರೆ ಮತ್ತೆ ತುಂಬಿ ಕೊಡುತ್ತೇನೆ. ಸ್ಪರ್ಧೆಯಲ್ಲಿ ಅವನು ಸೋಲುತ್ತಾನೆ. ಇಡೀ ಜಿಮ್ಮಿನೆದುರು ಅವನ ತಲೆ ತಗ್ಗುತ್ತದೆ. ಅವನು ಮತ್ತೆ ನನ್ನ ಮುಖ ನೋಡುವುದಿಲ್ಲ. ಆರು ವರ್ಷದ ಸಿಟ್ಟನ್ನು ಅವನಾಗಿಯೇ ಬಿಟ್ಟು ಕಾಗದ ಬರೆದಿದ್ದ, ಅದನ್ನು ಕಳೆದುಕೊಳ್ಳುತ್ತೇನೆ. ಇದನ್ನೆಲ್ಲ ತೂಗಿ ನೋಡಿದ್ದೇನೆ.

ಆದರೆ ನನ್ನ ಭಯ ಅದಲ್ಲ, ಲೊರೇನ್. ನೀನೊಬ್ಬಳು ತಿಳಿದಿರಲಿ ಎಂದು ಬರೆಯುತ್ತೇನೆ. ನಿನ್ನೆ ನೀರು ತುಂಬಿದ ಜಗ್ಗನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೂತು ನೋಡಿದೆ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ಕೊಡಬಾರದು ಎಂಬ ಆ ಹಟ ಎಲ್ಲಿಂದಲೋ ಎದ್ದು ಬಂದು ನನ್ನೊಳಗೆ ಕೂತುಕೊಂಡಿತು. ಅದು ಸತ್ತಿದೆ ಎಂದು ತಿಳಿದಿದ್ದೆ. ಹುಡುಗ ಕೇಳುವಾಗ, ಬಾಗಿಲಲ್ಲಿ ನಾಲ್ಕು ಜನ ನಿಂತು ಭಲೇ ಎನ್ನುವಾಗ, ನಾನು ಯಾವ ವಾಲೇಸ್ ಆಗಿರುತ್ತೇನೆ ಎಂದು ಆಣೆ ಮಾಡಿ ಹೇಳಲಾರೆ.

ಅದಕ್ಕೆ ಶುಕ್ರವಾರ ನೀನು ರಜೆ ಹಾಕು. ನಾನು ಕೂತ ಕೋಣೆಯಲ್ಲೇ ಇರು. ನಿನ್ನ ಕೈಯಲ್ಲಿ ಇನ್ನೊಂದು ಲೋಟ ಇರಲಿ, ಆಸ್ಪತ್ರೆಗೆ ಹೋಗಬೇಕಾದರೆ ಕಾರಿನ ಕೀಲಿಯೂ ಇರಲಿ. ‘ಇದು ನಿಂಗೆ ಗೊತ್ತಾಗಲ್ಲ, ಸುಮ್ನಿರು’ ಎಂದು ನಾನು ಬಾಯಿ ತೆರೆದರೆ, ಒಂದು ಕ್ಷಣವೂ ಕಾಯದೆ ನನ್ನನ್ನು ಹೊರಗೆ ಹಾಕು. ನಿನ್ನ ತಾಯಿ ಮಾಡಬೇಕೆಂದಿದ್ದನ್ನು ನೀನು ಮಾಡು.

ಬುಧವಾರ ಬೆಳಗಿನ ಮೊದಲ ವಿಮಾನಕ್ಕೆ ಟಿಕೆಟ್ ತೆಗೆದಿದ್ದೇನೆ. ಡಾರಿಲ್ ಕರೆಯಲು ಬರುವುದು ಬೇಡ, ಬಸ್ಸಿನಲ್ಲಿ ಬರುತ್ತೇನೆ.

ಅಪ್ಪ